ಸೋತವರ ಪಕ್ಷದ ಸಾಕ್ಷಿ

ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇತಿಹಾಸವನ್ನು ಕಲಿಸಿ ನಿವೃತ್ತನಾದವನು ನಾನು. ಅಷ್ಟು ದೀರ್ಘಕಾಲದಲ್ಲಿ ನನ್ನ ಬಾಯಿಂದ ಹೊರಟ ತಪ್ಪು ಮಾತುಗಳು ಎಷ್ಟೋ! ಅವುಗಳಲ್ಲಿ ಒಂದು ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದು ನಡೆದುದು ಸುಮಾರು ಐವತ್ತು ವರ್ಷಗಳ ಹಿಂದೆ. ಈಸ್ಟ್ ಇಂಡಿಯಾ ಕಂಪನಿಯು ಮುಂಬಯಿಯಲ್ಲಿ ಬೇರೂರಿದ ಪಾಠ ನಡೆಯುತ್ತಿದ್ದಿತು. ಕೊಂಕಣ ತೀರದಲ್ಲಿ ಕಾನ್ಹೋಜಿ ಆಂಗ್ರೆ ಎಂಬ ಕಡಲುಗಳ್ಳನ ಹಾವಳಿ ಹೆಚ್ಚಾಗಿದ್ದಿತೆಂದೂ, ಇಂಗ್ಲಿಷರು ಬಹಳ ಕಷ್ಟಪಟ್ಟು ಆ ವಂಶದ ಉಪಟಳವನ್ನು ಅಡಗಿಸಿದರೆಂದೂ ಪುಸ್ತಕದಲ್ಲಿದ್ದಂತೆಯೇ ಹೇಳಿ ಮುಗಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಕಾರವಾರದ ಕಡೆಯವನು, ತಂದೆಗೆ ವರ್ಗವಾಗಿ ನಮ್ಮೂರಿಗೆ ಬಂದಿದ್ದ. “ಸರ್, ಆ ಸಮುದ್ರ ಯಾರದಾಗಿತ್ತು?” ಎಂದು ಕೇಳಿದ.

ತರಗತಿ ನಕ್ಕಿತು. ನಾನೂ ನಕ್ಕೆ. “ಸಮುದ್ರಕ್ಕೆ ಒಡೆಯರುಂಟೇನೋ, ಕೂತುಕೋ” ಎಂದೆ. ಅವನು ಕುಳಿತ. ಆದರೆ ಅವನ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಒಡೆಯರೇ ಇಲ್ಲದ ಸಮುದ್ರದಲ್ಲಿ ಕಳ್ಳನೆಂಬುವನು ಹೇಗೆ ಹುಟ್ಟಿದನೆಂಬ ಮರುಪ್ರಶ್ನೆ ಆ ಮುಖದಲ್ಲಿದ್ದಿತು. ಅದನ್ನು ಅವನು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವೂ ಇರಲಿಲ್ಲ.

ಆ ದಿನ ಸಂಜೆ ಶಿಕ್ಷಕರ ಕೊಠಡಿಯಲ್ಲಿ ಈ ಸಂಗತಿಯನ್ನು ವಿನೋದವೆಂಬಂತೆ ಹೇಳಿದೆ. ನಮ್ಮ ವ್ಯಾಯಾಮ ಶಿಕ್ಷಕರು ಬೆಳಗಾವಿಯ ಮರಾಠಾ ಪಲ್ಟಣದಲ್ಲಿ ಹವಾಲ್ದಾರರಾಗಿದ್ದು ಪಿಂಚಣಿ ಪಡೆದವರು. ಅವರು ನಗಲಿಲ್ಲ. “ಆಂಗ್ರೆ ಕಳ್ಳ ಅಲ್ರೀ ಮಾಸ್ತರ, ಆರಮಾರದ ಸರದಾರ. ನಮ್ಮ ಪಲ್ಟಣದ ಕರ್ನಲ್ ಸಾಹೇಬರೊಬ್ಬರು ಅವನ ಮ್ಯಾಲೆ ಪುಸ್ತಕನ ಬರದಾರ. ಓದಿ ನೋಡ್ರಿ” ಎಂದರು. ‘ಆರಮಾರ’ ಎಂದರೆ ನೌಕಾಪಡೆ. ಇತಿಹಾಸದ ಮಾಸ್ತರನಿಗೆ ಈ ಶಬ್ದವನ್ನು ಕಲಿಸಿದವರು ವ್ಯಾಯಾಮದ ಮಾಸ್ತರರು. ಪುಸ್ತಕವನ್ನು ಹುಡುಕಿ ಓದಿದೆ. ಅದನ್ನು ಬರೆದ ಕರ್ನಲ್ ಸಾಹೇಬರ ಹೆಸರು ಮನೋಹರ ಮಾಳಗಾಂವಕರ.

ಈ ಹೆಸರು ಕನ್ನಡದ ವಾಚಕರಿಗೆ ಅಷ್ಟಾಗಿ ಪರಿಚಿತವಲ್ಲ. ಅವರು ಬರೆದುದೆಲ್ಲ ಇಂಗ್ಲಿಷಿನಲ್ಲಿ, ವಂಶದಿಂದ ಮರಾಠಿಗರು. ಆದರೆ ಬಾಳಿದುದು, ಬರೆದುದು, ಕಡೆಗೆ ಕಣ್ಣುಮುಚ್ಚಿದುದು ನಮ್ಮ ಉತ್ತರ ಕನ್ನಡದ ಜಗಲಬೇಟದಲ್ಲಿ. ರಾಮನಗರದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ, ಕಾಡಿನ ನಡುವೆ ಇರುವ ಸಣ್ಣ ಊರು ಅದು. ೧೯೧೩ರಲ್ಲಿ ಹುಟ್ಟಿದ ಮಾಳಗಾಂವಕರರು ಯೌವನದಲ್ಲಿ ದೊಡ್ಡ ಬೇಟೆಗಾರರಾಗಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯವನ್ನು ಸೇರಿದರು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಲೆಫ್ಟಿನೆಂಟ್ ಕರ್ನಲ್ ಪದವಿಯವರೆಗೆ ಏರಿ, ೧೯೫೨ರ ಸುಮಾರಿಗೆ ಸಮವಸ್ತ್ರವನ್ನು ಕಳಚಿದರು. ಆಮೇಲೆ ಕೆಲಕಾಲ ಜಗಲಬೇಟದ ಸುತ್ತ ಮ್ಯಾಂಗನೀಸ್ ಅದಿರಿನ ವ್ಯವಹಾರವನ್ನು ನಡೆಸಿದರು. ಪಾರ್ಲಿಮೆಂಟಿನ ಚುನಾವಣೆಗೂ ನಿಂತು ನೋಡಿದರು, ಗೆಲ್ಲಲಿಲ್ಲ. ಮೊದಲ ಪುಸ್ತಕ ಹೊರಬಂದಾಗ ಅವರಿಗೆ ನಲವತ್ತಾರರ ವಯಸ್ಸು. ಅಲ್ಲಿಂದ ಮುಂದೆ ಮೂರು ದಶಕಗಳಿಗೂ ಮೀರಿ ಲೇಖನಿ ನಿಲ್ಲಲಿಲ್ಲ. ಇತಿಹಾಸ, ಯುದ್ಧದ ಕಾದಂಬರಿ, ರಾಜಮನೆತನಗಳ ಚರಿತ್ರೆ, ಗೂಢಚಾರರ ಕಥೆ, ಗೋವೆಯ ವರ್ಣನೆ, ಪತ್ರಿಕೆಗಳ ಅಂಕಣ, ಹೀಗೆ ಅವರು ಮುಟ್ಟದ ಪ್ರಕಾರ ಕಡಮೆ.

ಇಷ್ಟೆಲ್ಲ ಬರೆದವರ ಬರವಣಿಗೆಯಲ್ಲಿ ಒಂದು ಏಕಸೂತ್ರವನ್ನು ಹುಡುಕುವುದು ಸಾಹಸವೇ ಸರಿ. ಆದರೂ ವರ್ಷಗಳ ಕಾಲ ಬಿಟ್ಟು ಬಿಟ್ಟು ಅವರ ಪುಸ್ತಕಗಳನ್ನು ಓದಿದ ಮೇಲೆ ನನಗೆ ತೋರುವುದು ಇಷ್ಟು: ಗೆದ್ದವರು ಬರೆದಿಟ್ಟ ಕಾಗದಗಳಲ್ಲಿ ಸೋತವರ ಹೆಸರು ಹೇಗೆ ಕೆಡುತ್ತದೆಂಬುದೇ ಅವರನ್ನು ಕಡೆಯವರೆಗೂ ಕಾಡಿದ ವಿಷಯ. ಕಾಗದ ಸಿಕ್ಕುವಲ್ಲಿ ಅವರು ಇತಿಹಾಸವನ್ನು ಬರೆದರು. ಕಾಗದ ಮುಗಿದಲ್ಲಿ ಕಾದಂಬರಿಯನ್ನು ಬರೆದರು. ಸೈನಿಕನಾದವನಿಗೆ ಗಡಿಯ ಅರಿವು ಸಹಜ. ಈ ಎರಡರ ನಡುವಣ ಗಡಿಯನ್ನು ಅವರು ಎಷ್ಟರ ಮಟ್ಟಿಗೆ ಕಾಯ್ದರೆಂಬುದೇ ಈ ಲೇಖನದ ವಿಚಾರ.

೧೯೫೯ರಲ್ಲಿ ಪ್ರಕಟವಾದ ಕಾನ್ಹೋಜಿಯ ಚರಿತ್ರೆಯನ್ನೇ ಮೊದಲು ನೋಡೋಣ. ಕಾನ್ಹೋಜಿಯು ಸುಮಾರು ೧೬೬೯ರಲ್ಲಿ ಹುಟ್ಟಿದವನು. ೧೭೧೩ರಲ್ಲಿ ಛತ್ರಪತಿ ಶಾಹು ಅವನಿಗೆ ಸರಖೇಲ ಪದವಿಯನ್ನು, ಎಂದರೆ ನೌಕಾಬಲದ ಮುಖ್ಯಾಧಿಕಾರವನ್ನು ಕೊಟ್ಟನು. ಒಪ್ಪಂದವನ್ನು ಕುದುರಿಸಿದವನು ಬಾಳಾಜಿ ವಿಶ್ವನಾಥ. ಅಲಿಬಾಗದ ಎದುರಿಗೆ ಸಮುದ್ರದಲ್ಲಿರುವ ಕುಲಾಬಾ ದುರ್ಗ ಕಾನ್ಹೋಜಿಯ ನೆಲೆ. ದೊಡ್ಡ ‘ಗುರಾಬು’ಗಳು, ಹುಟ್ಟು ಹಾಕಿ ನಡೆಸುವ ಚಿಕ್ಕ ‘ಗಲಬತ್ತು’ಗಳು ಅವನ ನೌಕೆಗಳು. ಆಳವಿಲ್ಲದ ಖಾರಿಗಳಲ್ಲಿ ಅವು ನುಸುಳಿ ಹೋಗುತ್ತಿದ್ದವು. ಗಾಳಿ ಬಿದ್ದಾಗ ಇಂಗ್ಲಿಷರ ದೊಡ್ಡ ಹಡಗುಗಳು ಅಲುಗಾಡದೆ ನಿಂತರೆ, ಗಲಬತ್ತುಗಳು ಹುಟ್ಟಿನ ಬಲದಿಂದ ಹಿಂದುಗಡೆಯಿಂದ ಬಂದು ಮುತ್ತುತ್ತಿದ್ದವು.

ಕಾನ್ಹೋಜಿ ಮಾಡಿದ ‘ಕಳ್ಳತನ’ವಾದರೂ ಯಾವುದು? ತನ್ನ ತೀರದ ಸಮುದ್ರದಲ್ಲಿ ವ್ಯಾಪಾರಕ್ಕೆ ಹೋಗುವ ಹಡಗುಗಳು ತನ್ನ ದಸ್ತಕನ್ನು, ಎಂದರೆ ರಹದಾರಿಯನ್ನು ಹಣ ಕೊಟ್ಟು ಪಡೆಯಬೇಕೆಂದು ಅವನು ವಿಧಿಸಿದನು. ಪಡೆಯದವರನ್ನು ಹಿಡಿದನು. ಇದು ಅವನು ಕಂಡುಹಿಡಿದ ಪದ್ಧತಿಯಲ್ಲ. ಅವನಿಗೆ ಇನ್ನೂರು ವರ್ಷ ಮುಂಚೆಯೇ ಪೋರ್ಚುಗೀಸರು ‘ಕರ್ತಾಜ್’ ಎಂಬ ರಹದಾರಿಯನ್ನು ಈ ಸಮುದ್ರದ ಮೇಲೆ ಹೇರಿದ್ದರು. ನಮ್ಮ ಕನ್ನಡ ಕರಾವಳಿಯ ಬಂದರುಗಳಿಂದ ಹೊರಡುವ ಹಡಗುಗಳೂ ಅದಕ್ಕೆ ಒಳಪಟ್ಟಿದ್ದವು. ಕಂಪನಿಯವರೂ ತಮ್ಮ ರಹದಾರಿಗಳನ್ನು ಹಂಚುತ್ತಿದ್ದರು. ದೂರದ ಲಿಸ್ಬನ್ನಿನಿಂದ ಬಂದವನು ರಹದಾರಿ ಕೇಳಿದರೆ ಕಾನೂನು. ಆ ತೀರದಲ್ಲೇ ಹುಟ್ಟಿದವನು ಕೇಳಿದರೆ ಕಳ್ಳತನ! ಕಾರವಾರದ ಆ ಹುಡುಗ ಕೇಳಿದುದು ಇದನ್ನೇ ಅಲ್ಲವೇ? ಹದಿನಾಲ್ಕು ವರ್ಷದ ಬಾಲಕನಿಗೆ ಹೊಳೆದುದು ಮೂವತ್ತು ದಾಟಿದ ಮಾಸ್ತರನಿಗೆ ಹೊಳೆಯಲಿಲ್ಲ.

ಮುಂಬಯಿಯ ಗವರ್ನರ್ ಚಾರ್ಲ್ಸ್ ಬೂನ್ ೧೭೧೫ರಲ್ಲಿ ಬಂದವನೇ ಆಂಗ್ರೆಯನ್ನು ತೊಡೆದುಹಾಕುವ ಹಟ ಹಿಡಿದನು. ವಿಜಯದುರ್ಗದ ಮೇಲೆ ದಂಡು ಹೋಯಿತು, ವಿಫಲವಾಯಿತು. ೧೭೧೮ರಲ್ಲಿ ಖಾಂದೇರಿಯ ಮೇಲೆ ಹೋಯಿತು, ಅದೂ ವಿಫಲ. ೧೭೨೧ರಲ್ಲಿ ಪೋರ್ಚುಗೀಸರನ್ನು ಜೊತೆಗೂಡಿಸಿಕೊಂಡು, ಇಂಗ್ಲೆಂಡಿನ ರಾಜನ ನೌಕಾಪಡೆಯಿಂದ ಬಂದ ಕಮೊಡೋರ್ ಮ್ಯಾಥ್ಯೂಸನ ನೆರವಿನಿಂದ ಕುಲಾಬಾವನ್ನೇ ಮುತ್ತಿದರು. ಬಾಜೀರಾಯನ ಕುದುರೆ ದಂಡು ಬಂದು ನಿಲ್ಲುತ್ತಲೇ ಪೋರ್ಚುಗೀಸರು ಬೇರೆಯಾಗಿ ಒಪ್ಪಂದ ಮಾಡಿಕೊಂಡರು. ಇಂಗ್ಲಿಷರು ಬರಿಗೈಯಲ್ಲಿ ಮರಳಿದರು. ೧೭೨೯ರಲ್ಲಿ ಕಾನ್ಹೋಜಿ ತೀರಿಕೊಳ್ಳುವವರೆಗೂ ಅವನನ್ನು ಸಮುದ್ರದ ಮೇಲೆ ಯಾರೂ ಮುರಿಯಲಾಗಲಿಲ್ಲ.

ಮುರಿದುದು ಆಮೇಲೆ. ಮಕ್ಕಳು ತಮ್ಮತಮ್ಮಲ್ಲಿ ಕಾದಾಡಿದರು. ಅವರಲ್ಲಿ ತುಳಾಜಿಗೂ ಪೇಶ್ವೆಗೂ ವೈರ ಬೆಳೆಯಿತು. ಪೇಶ್ವೆಯು ಇಂಗ್ಲಿಷರ ಕೈಹಿಡಿದನು. ೧೭೫೬ರ ಫೆಬ್ರುವರಿಯಲ್ಲಿ ವಾಟ್ಸನ್ನನೂ ಕ್ಲೈವನೂ ವಿಜಯದುರ್ಗವನ್ನು ಹಿಡಿದರು. ಬಂದರಿನಲ್ಲಿದ್ದ ಆಂಗ್ರೆಯ ನೌಕೆಗಳೆಲ್ಲ ಸುಟ್ಟು ಬೂದಿಯಾದವು. ಮರಾಠರ ನೌಕಾಬಲದ ಬೆನ್ನೆಲುಬನ್ನು ಮುರಿಯಲು ಮರಾಠರ ಪ್ರಧಾನನೇ ಪರರನ್ನು ಕರೆತಂದನು. ಮರುವರ್ಷವೇ ಅದೇ ಕ್ಲೈವನು ಪ್ಲಾಸಿಯಲ್ಲಿ ಗೆದ್ದನು. ಆಮೇಲೆ ಆಂಗ್ರೆಯ ಪರವಾಗಿ ಮಾತನಾಡುವವರು ಯಾರು ಉಳಿದರು? ಕಂಪನಿಯ ಪತ್ರಗಳು ಉಳಿದವು. ಕುಲಾಬಾದ ದಂಡಿನಲ್ಲಿದ್ದ ಡೌನಿಂಗ್ ಎಂಬ ಇಂಗ್ಲಿಷನ ವರದಿ ಉಳಿಯಿತು. ಆಂಗ್ರೆಯ ಪಕ್ಷದ ಕಾಗದಗಳು ಅಷ್ಟು ವಿಪುಲವಾಗಿ ಉಳಿಯಲಿಲ್ಲ. ‘ಕಡಲುಗಳ್ಳ’ ಎಂಬ ಶಬ್ದ ಬ್ರಿಟಿಷರ ಪತ್ರಗಳಿಂದ ಬ್ರಿಟಿಷರ ಇತಿಹಾಸಕ್ಕೆ, ಅಲ್ಲಿಂದ ನಮ್ಮ ಪಠ್ಯಪುಸ್ತಕಕ್ಕೆ, ಅಲ್ಲಿಂದ ನನ್ನ ಬಾಯಿಗೆ ಬಂದಿತು.

ಮಾಳಗಾಂವಕರರು ಇಲ್ಲಿ ಮಾಡಿದುದು ವಕೀಲನು ಮಾಡುವ ಕೆಲಸ. ಎದುರು ಪಕ್ಷದ ಸಾಕ್ಷಿಗಳ ಮಾತುಗಳಿಂದಲೇ ತನ್ನ ಕಕ್ಷಿಗಾರನ ಪಕ್ಷವನ್ನು ಎತ್ತಿ ಹಿಡಿಯುವ ಕೆಲಸ. ಒಬ್ಬ ಕಳ್ಳನ ಮೇಲೆ ಕಂಪನಿ ಮತ್ತೆ ಮತ್ತೆ ದಂಡೆತ್ತಿ ಹೋಗಿ ಸೋತಿತೆಂದರೆ, ಅವನ ಜೊತೆ ಪತ್ರವ್ಯವಹಾರ ನಡೆಸಿ, ಕರಾರು ಬರೆದುಕೊಂಡಿತೆಂದರೆ, ಅವನು ಬರಿಯ ಕಳ್ಳನಾಗಿರಲು ಸಾಧ್ಯವಿಲ್ಲವಷ್ಟೆ. ಅವರ ಬರವಣಿಗೆಯಲ್ಲಿ ಪಕ್ಷಪಾತವಿಲ್ಲವೆಂದು ನಾನು ಹೇಳಲಾರೆ. ಆಂಗ್ರೆಯ ರಹದಾರಿಯ ಭಾರ ಇಂಗ್ಲಿಷರ ಮೇಲೆ ಮಾತ್ರವಲ್ಲ, ನಮ್ಮದೇ ಬಡ ವ್ಯಾಪಾರಿಗಳ ಮೇಲೂ ಬಿದ್ದಿರಬೇಕು. ಅವರ ಅಳಲಿಗೆ ಆ ಪುಸ್ತಕದಲ್ಲಿ ಜಾಗ ಕಡಮೆ. ಆದರೆ ಎರಡು ಶತಮಾನಗಳ ಕಾಲ ಒಂದೇ ಕಡೆಗೆ ವಾಲಿದ್ದ ತಕ್ಕಡಿಯನ್ನು ನೆಟ್ಟಗೆ ಮಾಡಲು ಇನ್ನೊಂದು ತಟ್ಟೆಯ ಮೇಲೆ ಸ್ವಲ್ಪ ಬಲವಾಗಿಯೇ ಕೈಯೂರಬೇಕಾಗುತ್ತದೆ. ಸ್ವತಂತ್ರ ಭಾರತದ ನೌಕಾಪಡೆಯು ಮುಂಬಯಿಯಲ್ಲಿನ ತನ್ನ ನೆಲೆಗೆ ೧೯೫೧ರಲ್ಲಿ ‘ಆಂಗ್ರೆ’ ಎಂದು ಹೆಸರಿಟ್ಟಿತ್ತು. ಹೆಸರಿಗೆ ತಕ್ಕ ಚರಿತ್ರೆಯನ್ನು ಇಂಗ್ಲಿಷ್ ಓದುಗರ ಮುಂದಿಟ್ಟವರಲ್ಲಿ ಈ ಪದಾತಿ ಸೈನ್ಯದ ಕರ್ನಲ್ ಒಬ್ಬರು.

ಮರುವರ್ಷ, ೧೯೬೦ರಲ್ಲಿ, ಅವರ ಮೊದಲ ಕಾದಂಬರಿ ‘ಡಿಸ್ಟಂಟ್ ಡ್ರಮ್’ ಬಂದಿತು. ಇದು ಒಂದು ಕಲ್ಪಿತ ಪಲ್ಟಣದ ಕಥೆ. ನಾಯಕ ಕಿರಣ ಗರುಡ. ಅವನ ಜೀವದ ಗೆಳೆಯ ಅಬ್ದುಲ್ ಜಮಾಲ್. ದೇಶ ಒಡೆದಾಗ ಸೈನ್ಯವೂ ಒಡೆಯಿತು. ಒಂದೇ ಮೆಸ್ಸಿನಲ್ಲಿ ಉಂಡವರು ಒಬ್ಬರಿಗೊಬ್ಬರು ಎದುರಾಗುವಂತಾಯಿತು. ಕಾಶ್ಮೀರದ ಕದನವಿರಾಮ ರೇಖೆಯ ಆಚೆ ಈಚೆ ನಿಂತ ಈ ಇಬ್ಬರು ಗೆಳೆಯರು ನಡುವಣ ಯಾರದೂ ಅಲ್ಲದ ನೆಲದಲ್ಲಿ ಭೇಟಿಯಾಗುವ ಪ್ರಸಂಗವನ್ನು ಓದಿದಾಗ ನನಗೆ ಕಣ್ಣು ತೇವವಾಯಿತು. ಇಂತಹದನ್ನು ಯಾವ ದಫ್ತರವೂ ಹೇಳುವುದಿಲ್ಲ. ಸೈನ್ಯವನ್ನು ಹಂಚಿದಾಗ ಬಂದೂಕುಗಳ ಲೆಕ್ಕ, ಲಾರಿಗಳ ಲೆಕ್ಕ, ಬೆಳ್ಳಿಯ ಬಟ್ಟಲುಗಳ ಲೆಕ್ಕ ಸಿಕ್ಕೀತು. ಗೆಳೆತನಗಳನ್ನು ಹೇಗೆ ಹಂಚಿದರೆಂಬ ಲೆಕ್ಕ ಎಲ್ಲಿದೆ? ಅದನ್ನು ಕಾದಂಬರಿಕಾರನೇ ಬರೆಯಬೇಕು.

ಇತಿಹಾಸವನ್ನೂ ಕಾದಂಬರಿಯನ್ನೂ ಅವರು ಹೇಗೆ ಬೇರೆ ಬೇರೆ ಕೈಯಲ್ಲಿ ಹಿಡಿದರೆಂಬುದಕ್ಕೆ ೧೯೬೩ನೆಯ ಇಸವಿ ಒಳ್ಳೆಯ ನಿದರ್ಶನ. ಆ ಒಂದೇ ವರ್ಷದಲ್ಲಿ ಅವರ ಎರಡು ಪುಸ್ತಕಗಳು ಹೊರಬಂದವು. ಒಂದು, ಮಾಳವದ ದೇವಾಸ ಹಿರಿಯ ಸಂಸ್ಥಾನದ ಪವಾರರ ಚರಿತ್ರೆ. ಇನ್ನೊಂದು, ‘ದಿ ಪ್ರಿನ್ಸಸ್’ ಎಂಬ ಕಾದಂಬರಿ. ಬೇಗವಾಡ ಎಂಬ ಕಲ್ಪಿತ ಸಂಸ್ಥಾನದ ಕೊನೆಯ ದಿನಗಳನ್ನು ಯುವರಾಜ ಅಭಯರಾಜನೇ ಹೇಳುವ ಕಥೆ. ದೇವಾಸ ಎಂದೊಡನೆ ಇಂಗ್ಲಿಷ್ ಬಲ್ಲವರಿಗೆ ಇ. ಎಂ. ಫಾರ್ಸ್ಟರ್ ನೆನಪಾಗುತ್ತಾನೆ, ಅವನು ೧೯೨೧ರಲ್ಲಿ ಅಲ್ಲಿಯ ಮಹಾರಾಜನ ಖಾಸಗಿ ಕಾರ್ಯದರ್ಶಿಯಾಗಿದ್ದನು. ಆ ಮಹಾರಾಜನು ಸಾಲದಲ್ಲಿ ಮುಳುಗಿ, ರಾಜ್ಯವನ್ನು ಬಿಟ್ಟು, ಫ್ರೆಂಚರ ಪಾಂಡಿಚೇರಿಗೆ ಹೋಗಿ ೧೯೩೭ರಲ್ಲಿ ಅಲ್ಲಿಯೇ ತೀರಿಕೊಂಡನು. ಇತಿಹಾಸ ಹೇಳುವುದು ಇಷ್ಟು. ಕಾದಂಬರಿಯ ಮಹಾರಾಜನಾದರೋ ರಾಜ್ಯ ಕೈಬಿಟ್ಟು ಹೋಗುವುದನ್ನು ನೋಡಲಾರದೆ, ಗಾಯಗೊಂಡ ಹುಲಿಯ ಬೆನ್ನು ಹತ್ತಿ ಸಾವನ್ನು ತಾನಾಗಿ ತಂದುಕೊಳ್ಳುತ್ತಾನೆ. ನಿಜವಾದ ರಾಜನಿಗೆ ದೊರೆಯದ ಮರಣವನ್ನು ಲೇಖಕನು ಕಲ್ಪಿತ ರಾಜನಿಗೆ ದಯಪಾಲಿಸಿದನೆನ್ನಬಹುದು. ಆದರೆ ಆ ಹುಲಿಯನ್ನು ಅವರು ದೇವಾಸದ ಚರಿತ್ರೆಯೊಳಕ್ಕೆ ಬಿಡಲಿಲ್ಲ. ಅದೇ ಮುಖ್ಯ.

೧೯೬೪ರ ‘ಎ ಬೆಂಡ್ ಇನ್ ದಿ ಗ್ಯಾಂಜಿಸ್’ ಅವರ ಅತಿ ಪ್ರಸಿದ್ಧ ಕೃತಿ. ಅಹಿಂಸೆಯನ್ನು ನಂಬಿದ ಜ್ಞಾನ ತಲವಾರ, ಬಾಂಬನ್ನು ನಂಬಿದ ದೇವಿದಯಾಳ, ಇಬ್ಬರೂ ಅಂಡಮಾನಿನ ಸೆರೆಮನೆಗೆ ಬೇರೆ ಬೇರೆ ದಾರಿಯಿಂದ ಬಂದು ಸೇರುತ್ತಾರೆ. ೧೯೪೨ರಲ್ಲಿ ಜಪಾನೀಯರು ಆ ದ್ವೀಪಗಳನ್ನು ಹಿಡಿಯುತ್ತಾರೆ. ಕಥೆ ಕಡೆಗೆ ೧೯೪೭ರ ಪಂಜಾಬದ ಬೆಂಕಿಯಲ್ಲಿ ಮುಗಿಯುತ್ತದೆ. ಪಾತ್ರಗಳೆಲ್ಲ ಕಲ್ಪಿತ, ನಡೆದ ಹಿಂಸೆ ಮಾತ್ರ ನಿಜವಾದದ್ದೆಂಬ ಅರ್ಥದ ಮಾತನ್ನು ಲೇಖಕರೇ ಆರಂಭದಲ್ಲಿ ಹೇಳಿಬಿಟ್ಟಿದ್ದಾರೆ. ಇದನ್ನು ಓದಿದಾಗ ನನಗೆ ಗಡಿಕಲ್ಲನ್ನು ನೆಟ್ಟು, ಅದರ ಮೇಲೆ ಸುಣ್ಣ ಬಳಿದಂತೆ ಕಂಡಿತು. ಇಲ್ಲಿಯವರೆಗೆ ಇತಿಹಾಸ, ಇಲ್ಲಿಂದಾಚೆ ನನ್ನದು.

ಆದರೆ ಗಡಿಕಲ್ಲು ನೆಟ್ಟ ಮಾತ್ರಕ್ಕೆ ತಂಟೆ ತೀರುವುದಿಲ್ಲ. ೧೯೭೨ರಲ್ಲಿ ಬಂದ ‘ದಿ ಡೆವಿಲ್ಸ್ ವಿಂಡ್’ ಕಾದಂಬರಿ ಆ ತಂಟೆಯನ್ನು ನೇರವಾಗಿ ಎದುರಿಗೆ ತಂದಿಟ್ಟಿತು. ಇದು ೧೮೫೭ರ ನಾನಾಸಾಹೇಬನ ಕಥೆ; ಅದೂ ಅವನ ಬಾಯಿಂದಲೇ.

ನಾನಾಸಾಹೇಬನು ಎರಡನೆಯ ಬಾಜೀರಾಯನ ದತ್ತುಪುತ್ರ. ೧೮೧೮ರಲ್ಲಿ ಶರಣಾದ ಬಾಜೀರಾಯನಿಗೆ ಕಂಪನಿಯು ವರ್ಷಕ್ಕೆ ಎಂಟು ಲಕ್ಷ ರೂಪಾಯಿಗಳ ಪಿಂಚಣಿ ಕೊಟ್ಟು ಕಾನಪುರದ ಬಳಿಯ ಬಿಠೂರಿನಲ್ಲಿ ಕೂರಿಸಿತ್ತು. ೧೮೫೧ರಲ್ಲಿ ಅವನು ಸತ್ತೊಡನೆ ಪಿಂಚಣಿ ನಿಂತಿತು. ಆರು ವರ್ಷಗಳ ಮೇಲೆ ಕಾನಪುರ ಹೊತ್ತಿ ಉರಿಯಿತು. ಜನರಲ್ ವ್ಹೀಲರನು ನಾನಾನ ಅಭಯವಚನವನ್ನು ನಂಬಿ ಶರಣಾದನು. ೧೮೫೭ರ ಜೂನ್ ೨೭ರಂದು ಸತೀಚೌರಾ ಘಾಟಿನಲ್ಲಿ ದೋಣಿ ಹತ್ತುತ್ತಿದ್ದ ಇಂಗ್ಲಿಷರ ಮೇಲೆ ಗುಂಡು ಹಾರಿತು. ಉಳಿದ ಹೆಂಗಸರನ್ನೂ ಮಕ್ಕಳನ್ನೂ ಬೀಬೀಘರ್ ಎಂಬ ಮನೆಯಲ್ಲಿ ಕೂಡಿಟ್ಟರು. ಬೇರೆ ಕಡೆ ಸೆರೆಸಿಕ್ಕವರೂ ಸೇರಿ ಸುಮಾರು ಇನ್ನೂರು ಮಂದಿ. ಜುಲೈ ೧೫ರಂದು ಅವರನ್ನೆಲ್ಲ ಕಡಿದು ಬಾವಿಗೆ ಹಾಕಿದರು. ಇಷ್ಟು ನಿರ್ವಿವಾದ. ಅಪ್ಪಣೆ ಯಾರದೆಂಬುದು ವಿವಾದ. ಇಂಗ್ಲಿಷರು ಅದನ್ನು ನಾನಾನ ತಲೆಗೇ ಕಟ್ಟಿದರು. ಒಂದು ಪೀಳಿಗೆಯ ಇಂಗ್ಲಿಷ್ ಮಕ್ಕಳಿಗೆ ಅವನ ಹೆಸರು ಹೇಳಿ ಹೆದರಿಸುವಷ್ಟರ ಮಟ್ಟಿಗೆ ಅವನನ್ನು ರಾಕ್ಷಸನನ್ನಾಗಿ ಮಾಡಿದರು. ನಾನಾಸಾಹೇಬನು ನೇಪಾಳದ ಕಾಡನ್ನು ಹೊಕ್ಕು ಮಾಯವಾದನು. ಅವನು ಕಟಕಟೆಯಲ್ಲಿ ನಿಲ್ಲಲಿಲ್ಲ, ಆತ್ಮಕಥೆಯನ್ನೂ ಬರೆಯಲಿಲ್ಲ.

ಆ ಬರೆಯದ ಆತ್ಮಕಥೆಯನ್ನು ಮಾಳಗಾಂವಕರರು ಬರೆದರು. ಇದು ಕಾದಂಬರಿ, ಆದರೆ ತಿಳಿದಿರುವ ಸಂಗತಿಗಳನ್ನು ತಿರುಚಿಲ್ಲವೆಂದು ಮುನ್ನುಡಿಯಲ್ಲಿ ಭರವಸೆ ಕೊಟ್ಟರು. ಕಾನಪುರಕ್ಕೆ ಮೊದಲೇ ಅಲಹಾಬಾದಿನ ಸುತ್ತ ಕರ್ನಲ್ ನೀಲನು ಊರೂರನ್ನು ಸುಟ್ಟು, ಮರಮರಕ್ಕೆ ಜನರನ್ನು ನೇತುಹಾಕಿದ್ದನೆಂಬುದನ್ನು ಅವರು ಮರೆಯಗೊಡಲಿಲ್ಲ. ಸರಿಯೆ. ಆದರೂ ಓದುತ್ತ ಹೋದಂತೆ ನನಗೊಂದು ಅಳುಕು ಹುಟ್ಟಿತು. ಮನುಷ್ಯನು ‘ನಾನು’ ಎಂದು ಮಾತನಾಡಲು ತೊಡಗಿದೊಡನೆ ಕೇಳುವವನ ಮನಸ್ಸು ಅವನ ಕಡೆಗೆ ಹೊರಳುತ್ತದೆ. ನಾನಾನ ಅಳಲು ನನಗೆ ಅರ್ಥವಾಯಿತು, ಅವನ ಹಿಂಜರಿಕೆ ಅರ್ಥವಾಯಿತು, ತನ್ನ ಕೈಮೀರಿ ಹೋದುದಕ್ಕಾಗಿ ಅವನು ಪಡುವ ಸಂಕಟ ಅರ್ಥವಾಯಿತು. ಆದರೆ ಆ ಬಾವಿಯಲ್ಲಿ ಬಿದ್ದ ಮಕ್ಕಳು? ಅವರೂ ಸೋತವರೇ ಅಲ್ಲವೇ? ಅವರಲ್ಲಿ ಯಾರೂ ‘ನಾನು’ ಎಂದು ಕಥೆ ಹೇಳಲಿಲ್ಲ. ಅವರ ಪರವಾಗಿ ಮಾತನಾಡಿದವರು ಆ ಹೆಸರಿನಲ್ಲಿ ಸೇಡು ತೀರಿಸಿಕೊಂಡವರು ಮಾತ್ರ.

ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತೆ. ನಮ್ಮ ಕಡೆಯ ಹಲಗಲಿ ನೆನಪಾಯಿತು. ಅದೇ ೧೮೫೭ರಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನಿಗೆ ಬಗ್ಗದೆ ಹಲಗಲಿಯ ಬೇಡರು ತಿರುಗಿಬಿದ್ದರು, ಕಂಪನಿಯ ದಂಡು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ಅವರು ಓದುಬರಹ ಬಲ್ಲವರಲ್ಲ. ಅವರ ಪಕ್ಷವನ್ನು ಹೇಳಲು ಯಾವ ಕರ್ನಲ್ಲರೂ ಬರಲಿಲ್ಲ. ಲಾವಣಿಕಾರರು ಬಂದರು. ಡಪ್ಪಿನ ಮೇಲೆ ಬೆರಳಾಡಿಸಿ ಊರೂರಿನಲ್ಲಿ ಹಾಡಿದರು. ಆ ಲಾವಣಿಯನ್ನು ಬರೆದುಕೊಂಡು ೧೮೮೦ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಎಂಬುದು ವಿಚಿತ್ರವಾದರೂ ಸತ್ಯ. ಗೆದ್ದವರ ಕಡೆಯವನೇ ಸೋತವರ ಹಾಡನ್ನು ಉಳಿಸಿಕೊಟ್ಟನು. ಲಾವಣಿಯಲ್ಲಿ ಉತ್ಪ್ರೇಕ್ಷೆ ಇಲ್ಲವೇ? ಬೇಕಾದಷ್ಟಿದೆ. ಹಾಗೆಂದು ಅದನ್ನು ಬದಿಗಿಟ್ಟು ಕಲೆಕ್ಟರನ ವರದಿಯೊಂದನ್ನೇ ಓದಿದರೆ ಹಲಗಲಿಯಲ್ಲಿ ನಡೆದುದು ತಿಳಿಯುತ್ತದೆಯೇ? ಅದೂ ಇಲ್ಲ. ಎರಡನ್ನೂ ಓದಬೇಕು, ಯಾವುದು ಯಾವುದೆಂದು ಮರೆಯದೆ ಓದಬೇಕು. ‘ದಿ ಡೆವಿಲ್ಸ್ ವಿಂಡ್’ ಕೂಡ ನನ್ನ ಪಾಲಿಗೆ ಅಂತಹ ಒಂದು ಲಾವಣಿ. ತೀರ್ಪೆಂದು ಅದನ್ನು ಓದಲಾರೆ; ಸಾಕ್ಷ್ಯವೆಂದು ಓದುತ್ತೇನೆ.

ಸಾಕ್ಷ್ಯಕ್ಕೂ ತೀರ್ಪಿಗೂ ನಡುವಣ ಈ ಭೇದ ಎಷ್ಟು ದೊಡ್ಡದೆಂಬುದನ್ನು ಅವರೇ ಬರೆದ ಇನ್ನೊಂದು ಗ್ರಂಥ ತೋರಿಸುತ್ತದೆ. ಗಾಂಧೀಜಿಯವರ ಕೊಲೆಯ ಒಳಸಂಚನ್ನು ಕುರಿತು ೧೯೭೮ರಲ್ಲಿ ಅವರು ‘ದಿ ಮೆನ್ ಹೂ ಕಿಲ್ಡ್ ಗಾಂಧಿ’ಯನ್ನು ಪ್ರಕಟಿಸಿದರು. ನ್ಯಾಯಾಲಯದ ಕಾಗದ, ಕಪೂರ್ ಆಯೋಗದ ವರದಿ, ಶಿಕ್ಷೆ ಮುಗಿಸಿ ಹೊರಬಂದವರೊಡನೆ ತಾವೇ ನಡೆಸಿದ ಮಾತುಕತೆ, ಇವು ಅದರ ಆಧಾರ. ಇಲ್ಲಿ ಕಾದಂಬರಿಕಾರನಿಗೆ ಎಷ್ಟೊಂದು ಎಡೆಯಿದ್ದಿತು! ಯಾರಾದರೂ ಒಬ್ಬನ ಬಾಯಿಂದ ‘ನಾನು’ ಎಂದು ಹೇಳಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಯಾರು ಯಾವ ರೈಲು ಹತ್ತಿದರು, ಯಾವ ಹೋಟೆಲಿನಲ್ಲಿ ಇಳಿದರು, ಪಿಸ್ತೂಲು ಎಲ್ಲಿ ಸಿಕ್ಕಿತು, ಪೋಲೀಸರು ಎಲ್ಲಿ ಎಡವಿದರು, ಇದನ್ನೆಲ್ಲ ದಿನದಿನದ ಲೆಕ್ಕದಲ್ಲಿ ಇಟ್ಟರು. ಕಾಗದ ಇದ್ದಲ್ಲಿ ಕಲ್ಪನೆಗೆ ಎಡೆಯಿಲ್ಲವೆಂಬ ತಮ್ಮ ನಿಯಮವನ್ನು ಪಾಲಿಸಿದರು. ಆ ಪುಸ್ತಕದ ಬಗೆಗೆ ನಾನಾ ಅಭಿಪ್ರಾಯಗಳಿವೆ, ಇರಲಿ. ನನಗೆ ಬೇಕಾದುದು ಅದರ ಸಂಯಮ.

ಅವರ ಕೊರತೆಗಳನ್ನು ಹೇಳದಿದ್ದರೆ ನಾನೂ ಲಾವಣಿ ಹಾಡಿದಂತಾದೀತು. ಅವರ ಕಾದಂಬರಿಗಳ ಹೆಂಗಸರು ಬಹುಮಟ್ಟಿಗೆ ಗಂಡಸರ ಕಣ್ಣಿಗೆ ಕಂಡ ಹೆಂಗಸರು. ಅವರ ಲೋಕ ಮೆಸ್ಸು, ಕ್ಲಬ್ಬು, ಶಿಕಾರಿ, ಬಂಗಲೆಗಳ ಲೋಕ. ಬಂದೂಕು ಹೊತ್ತ ಸಾಮಾನ್ಯ ಸಿಪಾಯಿ ಅಂಚಿನಲ್ಲಿ ಸೆಲ್ಯೂಟು ಹೊಡೆದು ಮರೆಯಾಗುತ್ತಾನೆ. ನಮ್ಮ ಹವಾಲ್ದಾರ ಮಾಸ್ತರರಂಥವರು ಆ ಪುಟಗಳಲ್ಲಿ ಬಾಯಿಬಿಡುವುದು ಅಪರೂಪ. ಎಡೆಬಿಡದೆ ಬರೆದವರ ಎಲ್ಲ ಬರವಣಿಗೆಯೂ ಒಂದೇ ತೂಕದ್ದಾಗಿರುವುದಿಲ್ಲ. ಗೂಢಚಾರರ ಕಥೆಗಳೂ, ೧೯೭೮ರಲ್ಲಿ ಸಿನಿಮಾ ಒಂದರ ಕಥೆಯನ್ನೇ ಕಾದಂಬರಿ ಮಾಡಿದ ‘ಶಾಲಿಮಾರ್’ ಕೂಡ ರೈಲಿನಲ್ಲಿ ಓದಿ ಸೀಟಿನ ಮೇಲೆ ಬಿಟ್ಟು ಇಳಿಯಬಹುದಾದ ಪುಸ್ತಕಗಳು.

ಆದರೆ ಎಂಬತ್ತರ ಸಮೀಪದಲ್ಲಿ, ೧೯೯೨ರಲ್ಲಿ, ಅವರು ‘ಕ್ಯಾಕ್ಟಸ್ ಕಂಟ್ರಿ’ಯನ್ನು ಬರೆದರು. ೧೯೭೧ರ ಬಾಂಗ್ಲಾದೇಶದ ಯುದ್ಧ ಅದರ ವಸ್ತು. ಆ ಯುದ್ಧದಲ್ಲಿ ಗೆದ್ದವರು ನಾವು. ಗೆದ್ದ ಸೈನ್ಯದ ನಿವೃತ್ತ ಕರ್ನಲ್ಲರು ಕಥಾನಾಯಕನನ್ನು ಆರಿಸಿಕೊಂಡುದು ಎಲ್ಲಿಂದ? ಎದುರು ಪಕ್ಷದಿಂದ. ಪಾಕಿಸ್ತಾನದ ಸೈನ್ಯದ ಒಬ್ಬ ಎಳೆಯ ಅಧಿಕಾರಿ, ತನ್ನ ಕಡೆಯವರು ಮಾಡುತ್ತಿರುವುದನ್ನು ಕಣ್ಣಾರೆ ಕಾಣುವವನು. ‘ಡಿಸ್ಟಂಟ್ ಡ್ರಮ್’ನ ಜಮಾಲನನ್ನು ಮೂವತ್ತೆರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು, ಕೊನೆಗೊಮ್ಮೆ ರೇಖೆಯನ್ನು ದಾಟಿ ಅವನ ಮನೆಗೇ ಹೋ‌ದಂತೆ ನನಗೆ ತೋರಿತು. ಆಂಗ್ರೆ ನಮ್ಮವನು, ನಾನಾಸಾಹೇಬ ನಮ್ಮವನು. ನಮ್ಮವರು ಸೋತಾಗ ಅವರ ಪಕ್ಷವನ್ನು ಹೇಳುವುದು ಅಭಿಮಾನ. ಸೋತವನು ನಮ್ಮ ಶತ್ರುವಾದಾಗಲೂ ಅವನ ಮಾತನ್ನು ಕೇಳುವುದು ಅದಕ್ಕಿಂತ ದೊಡ್ಡದು. ಹೀಗೆ ಮಾಡಿದುದರಿಂದಲೇ ಅವರ ಮೊದಲಿನ ಪುಸ್ತಕಗಳ ಮೇಲೆಯೂ ನನ್ನ ನಂಬಿಕೆ ಹೆಚ್ಚಿತು.

ಒಂದು ಸಲ, ಬಂಧುಗಳ ಮದುವೆಗೆ ದಾಂಡೇಲಿಗೆ ಹೋಗುವಾಗ ನಮ್ಮ ಬಸ್ಸು ಜಗಲಬೇಟದಲ್ಲಿ ನಿಂತಿತು. ಚಹ ಕುಡಿಯಲು ಇಳಿದೆ. ಅಂಗಡಿಯವನನ್ನು ಕೇಳಿದೆ. “ಕರ್ನಲ್ ಸಾಹೇಬರ ಬಂಗಲೆಯೇ? ಅಲ್ಲಿ, ಕಾಡಿನ ಕಡೆಗೆ” ಎಂದು ಕೈ ತೋರಿಸಿದ. ಸಾಹೇಬರು ಇದ್ದಾರೆ, ಯಾರು ಬಂದರೂ ಮಾತನಾಡಿಸುತ್ತಾರೆ ಎಂದೂ ಹೇಳಿದ. ಹೋಗಬೇಕೆನಿಸಿತು. ಹೋಗಿ, ಒಂದು ಕಾಲದಲ್ಲಿ ನಾನು ಆಂಗ್ರೆಯನ್ನು ಕಳ್ಳನೆಂದು ನಲವತ್ತು ಮಕ್ಕಳಿಗೆ ಕಲಿಸಿದವನೆಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಕಂಡಕ್ಟರನು ಸೀಟಿ ಊದಿದ. ಮುಹೂರ್ತ ಮೀರುವುದೆಂದು ಮನೆಯವರು ಕರೆದರು. ಬರುವಾಗ ಇಳಿದರಾಯಿತೆಂದುಕೊಂಡು ಹತ್ತಿದೆ. ಬರುವಾಗ ಬೇರೆ ದಾರಿಯಲ್ಲಿ ಬಂದೆವು. ೨೦೧೦ರ ಜೂನ್‌ನಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ಅದೇ ಬಂಗಲೆಯಲ್ಲಿ ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ.

ಕಾರವಾರದ ಆ ಹುಡುಗ ಈಗ ಅರವತ್ತು ದಾಟಿದ ಗೃಹಸ್ಥನಾಗಿರಬೇಕು. ಅವನ ತಂದೆಗೆ ಮತ್ತೆ ವರ್ಗವಾಗಿ ಅವನು ಶಾಲೆಯನ್ನು ಬಿಟ್ಟುಹೋದ ಮೇಲೆ ನಾನು ಅವನನ್ನು ಕಾಣಲಿಲ್ಲ. ಮಾಳಗಾಂವಕರರ ಪುಸ್ತಕವನ್ನು ಓದಿದ ಮರುವರ್ಷದಿಂದ ನಿವೃತ್ತನಾಗುವವರೆಗೆ, ಆಂಗ್ರೆಯ ಪಾಠ ಬಂದಾಗಲೆಲ್ಲ ನಾನು ಪುಸ್ತಕವನ್ನು ಮಡಚಿ, ಮಕ್ಕಳಿಗೆ ಅವನ ಪ್ರಶ್ನೆಯನ್ನೇ ಹಾಕುತ್ತಿದ್ದೆ: “ಆ ಸಮುದ್ರ ಯಾರದಾಗಿತ್ತು?” ಪ್ರತಿವರ್ಷವೂ ತರಗತಿ ನಗುತ್ತಿತ್ತು. ನಾನು ಮಾತ್ರ ನಗುತ್ತಿರಲಿಲ್ಲ. ನಗು ನಿಲ್ಲುವವರೆಗೆ ಕಾದು, ಪಾಠವನ್ನು ಅಲ್ಲಿಂದ ಆರಂಭಿಸುತ್ತಿದ್ದೆ.